ಅವ್ವನ ಬಲ್ಬು, ಅಜ್ಜಿಯ ಬೆಳ್ಳಿ ಬಣ್ಣ

ನಿಮಗೂ ಹೀಗಾಗಿದೆಯಾ? ಎಲ್ಲಿಗೋ ಅವಸರದಲ್ಲಿ ಹೊರಟಿರುತ್ತೀರಿ. ಗಾಡಿ ಹತ್ತಿ ಕೂತು ಚಾವಿ ತಿರುಗಿಸುತ್ತೀರಿ. ‘ಟಕ್’ ಅನ್ನುತ್ತದೆ. ಅಷ್ಟೇ. ಇನ್ನೊಮ್ಮೆ ತಿರುಗಿಸಿದರೆ ಮತ್ತೊಂದು ‘ಟಕ್’. ಇಂಜಿನ್ ಮಿಸುಕುವುದಿಲ್ಲ. ಅಷ್ಟರಲ್ಲಿ ಎಲ್ಲಿದ್ದರೋ ಏನೋ, ನಾಲ್ಕು ಜನ ಬಂದು ಸುತ್ತ ನಿಲ್ಲುತ್ತಾರೆ. ಒಬ್ಬ ಬ್ಯಾಟರಿ ಹೋಗಿದೆ ಅನ್ನುತ್ತಾನೆ. ಇನ್ನೊಬ್ಬ ಸೆಲ್ಫ್ ಸುಟ್ಟಿದೆ ಅನ್ನುತ್ತಾನೆ. ಮೂರನೆಯವನು ಏನೂ ಹೇಳದೆ ಬಾನೆಟ್ಟಿನ ಮೇಲೆ ಎರಡು ಗುದ್ದುತ್ತಾನೆ. ಹೋದ ವಾರ ಹೊಸಪೇಟೆ ಬಸ್ ನಿಲ್ದಾಣದ ಹತ್ತಿರ ಒಬ್ಬರ ಡೀಸೆಲ್ ಗಾಡಿಗೆ ಇದೇ ಆಯಿತು. ನಾನು ನನ್ನ ಬ್ಯಾಗಿನಿಂದ ಎರಡು ವೈರು ಕಟ್ಟಿದ ಒಂದು ಬಲ್ಬು ತೆಗೆದೆ. ಆ ಗಾಡಿಯ ಯಜಮಾನರಿಗೆ ನಗು.

“ಮೇಡಂ, ಮೆಕ್ಯಾನಿಕ್ ಬರಾಕತ್ತ್ಯಾನ, ನೀವ್ ಕುಂದ್ರಿ.”

ನಾನು ಕೂರಲಿಲ್ಲ. ಮೆಕ್ಯಾನಿಕ್ ಬರುವ ಹೊತ್ತಿಗೆ ಗಾಡಿ ಸ್ಟಾರ್ಟ್ ಆಗಿತ್ತು. ಬ್ಯಾಟರಿಯ ಒಂದು ಕ್ಲಾಂಪಿನೊಳಗೆ ಬಿಳಿ ಪುಡಿ ಬೆಳೆದಿತ್ತು, ಬೇರೇನೂ ಇಲ್ಲ. “ಎಲ್ಲಿ ಕಲ್ತ್ರಿ ಮೇಡಂ ಇದನ್ನ?” ಎಂದು ಯಜಮಾನರು ಕೇಳಿದರು. ಮನೆಯಲ್ಲಿ ಅಂದೆ. ನಂಬಲಿಲ್ಲ. ನೀವಾದರೂ ನಂಬಿ. ಆ ಮನೆಯ ಕತೆಯನ್ನು ಹೇಳುತ್ತೇನೆ.

ಕಂಪ್ಲಿಯಲ್ಲಿ, ಕೋಟೆಗೆ ಹೋಗುವ ದಾರಿಯಲ್ಲಿದ್ದ ನಮ್ಮ ಮನೆ ರೈಲಿನ ಡಬ್ಬಿಯ ಹಾಗೆ ಉದ್ದಕ್ಕಿತ್ತು. ಮುಂದಿನ ಕೋಣೆ ಅಪ್ಪನದು. ಅಲ್ಲಿ ಮರದ ಬೆಂಚು, ಬೆಂಚಿನ ಮೇಲೆ ಬ್ಯಾಟರಿ, ಗೋಡೆಯ ತುಂಬ ಬೋಲ್ಟು ಬಿಚ್ಚುವ ಪಾನಾಗಳು. ನಡುಮನೆ ಅವ್ವನದು. ಹಿತ್ತಲು ಅಜ್ಜಿಯದು, ಅಂದರೆ ಅಪ್ಪನ ತಾಯಿಯದು. ಟ್ರ್ಯಾಕ್ಟರು, ಲಾರಿ, ಅಕ್ಕಿ ಗಿರಣಿಯ ಜನರೇಟರು, ಎಲ್ಲದರ ಇಂಜಿನ್ ಎಬ್ಬಿಸುವ ಸ್ಟಾರ್ಟರ್ ಮೋಟರು ನಮ್ಮ ಮನೆಗೆ ಬರುತ್ತಿತ್ತು. ಅದಕ್ಕೆ ನಮ್ಮ ಕಡೆ ‘ಸೆಲ್ಫ್’ ಅನ್ನುತ್ತಾರೆ. ಮುಂಬಾಗಿಲಿನಿಂದ ಕಪ್ಪಗೆ, ಎಣ್ಣೆ ಸುರಿಸುತ್ತ ಬಂದ ಸೆಲ್ಫನ್ನು ಅಪ್ಪ ಬಿಚ್ಚುತ್ತಿದ್ದ. ನಡುಮನೆಯಲ್ಲಿ ಅವ್ವ ಅದರ ಸುಟ್ಟ ತಾಮ್ರ ತೆಗೆದು ಹೊಸ ತಾಮ್ರ ಸುತ್ತುತ್ತಿದ್ದಳು. ಅಪ್ಪ ಮತ್ತೆ ಜೋಡಿಸಿ ಬೆಂಚಿನ ಮೇಲೆ ಓಡಿಸಿ ನೋಡುತ್ತಿದ್ದ. ಕೊನೆಗೆ ಹಿತ್ತಲಿನಲ್ಲಿ ಅಜ್ಜಿ ಅದಕ್ಕೆ ಬೆಳ್ಳಿ ಬಣ್ಣ ಬಳಿದು, ಒಣಗಿಸಿ, ಗೋಣಿಚೀಲದಲ್ಲಿ ಸುತ್ತಿ, ಹಿತ್ತಲ ಬಾಗಿಲಿನಿಂದ ಕಳಿಸುತ್ತಿದ್ದಳು. ಬೇರೆ ಅಂಗಡಿಗಳಿಂದ ಸೆಲ್ಫು ರಿಪೇರಿಯಾಗಿ ಹೋಗುತ್ತಿತ್ತು. ನಮ್ಮ ಮನೆಯಿಂದ ಮದುಮಗನ ಹಾಗೆ ಹೋಗುತ್ತಿತ್ತು. ದೂರದಿಂದ ಬೆಳ್ಳಿ ಹೊಳಪು ಕಂಡರೆ ಸಾಕು, ಇದು ಕಂಪ್ಲಿ ಮೇಸ್ತ್ರಿ ಮನೆಯದು ಎಂದು ಡ್ರೈವರುಗಳು ಗುರುತಿಸುತ್ತಿದ್ದರು.

ಅವ್ವನಿಗೆ ಯಾರೂ ಸುತ್ತುವುದನ್ನು ಕಲಿಸಿರಲಿಲ್ಲ. ಸುಟ್ಟ ತಾಮ್ರದ ಕಾಯಿಲನ್ನು ನಿಧಾನವಾಗಿ ಬಿಚ್ಚುತ್ತ, ಎಷ್ಟು ಸುತ್ತು, ಯಾವ ದಿಕ್ಕಿಗೆ ಎಂದು ಅಡಿಗೆಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಬರೆದುಕೊಂಡು ಕಲಿತವಳು ಅವಳು. ಒಲೆಯ ಪಕ್ಕದ ಆ ಗೋಡೆ ನನ್ನ ಮೊದಲ ಮಗ್ಗಿ ಪುಸ್ತಕ. ಅವಳು ಸುತ್ತು ಎಣಿಸುವಾಗ ಮನೆಯಲ್ಲಿ ಯಾರೂ ಮಾತಾಡುವಂತಿರಲಿಲ್ಲ. ನಾನು ಹಸಿವು ಅಂದರೂ ಎಡಗೈ ಎತ್ತಿ ತಡೆಯುತ್ತಿದ್ದಳು. ಅಜ್ಜಿ ಕೂಡ ಆಗ ಬಾಯಿ ಮುಚ್ಚಿಕೊಳ್ಳುತ್ತಿದ್ದಳು, ಮತ್ತು ಅಜ್ಜಿ ಬಾಯಿ ಮುಚ್ಚಿಕೊಳ್ಳುತ್ತಿದ್ದ ಹೊತ್ತು ದಿನದಲ್ಲಿ ಅದೊಂದೇ. ವಾರ್ನಿಶ್ ಬಳಿದ ಕಾಯಿಲುಗಳನ್ನು ಮಾಳಿಗೆಯ ಮೇಲೆ ಹಪ್ಪಳದ ಪಕ್ಕದಲ್ಲಿ ಬಿಸಿಲಿಗಿಡುತ್ತಿದ್ದೆವು. ಹಾಗಾಗಿ ನಮ್ಮ ಹಪ್ಪಳಕ್ಕೆ ಸ್ವಲ್ಪ ವಾರ್ನಿಶ್ ವಾಸನೆ ಇರುತ್ತಿತ್ತು. ಈಗಲೂ ಬೇರೆಯವರ ಮನೆಯ ಹಪ್ಪಳ ನನಗೆ ಸಪ್ಪೆ.

ಅವ್ವನ ಹತ್ತಿರ ಒಂದು ಬಲ್ಬಿತ್ತು. ಯಾವುದೋ ಟ್ರ್ಯಾಕ್ಟರಿನ ಹಳೆಯ ದೀಪದ ಬಲ್ಬು, ಅದಕ್ಕೆ ಬೆಸುಗೆ ಹಾಕಿದ ಎರಡು ಉದ್ದನೆಯ ವೈರು. ಅದು ಇರುತ್ತಿದ್ದದ್ದು ಅಡಿಗೆಮನೆಯಲ್ಲಿ, ಶೇಂಗಾ ಚಟ್ನಿಪುಡಿಯ ಖಾಲಿ ಡಬ್ಬಿಯೊಳಗೆ. ಕಾಯಿಲು ಸುತ್ತಿದ ಮೇಲೆ ಒಳಗೆಲ್ಲಾದರೂ ತುಂಡಾಗಿದೆಯೋ ಎಂದು ಅದನ್ನು ಹಚ್ಚಿ ನೋಡುತ್ತಿದ್ದಳು. ನನಗೆ ಅದು ಆಟದ ಸಾಮಾನು. ರೊಟ್ಟಿ ಬಡಿಯುತ್ತಲೇ ಒಮ್ಮೆ ಅವ್ವ ಹೇಳಿಕೊಟ್ಟದ್ದು ಹೀಗೆ:

“ಕರೆಂಟು ಬ್ಯಾಟ್ರ್ಯಾಗಿಂದ ವೈರ್ನಾಗ ಹೊಕ್ಕೈತಿ. ಕೆಲಸ ಮುಗಿಸಿ ಗಾಡಿ ಕಬ್ಬಿಣದಾಗ ಹಾದು ವಾಪಸ್ ಮನಿಗೆ ಬರಬೇಕು. ಅದಕ್ಕ ಅರ್ತ್ ಅಂತಾರ. ಹೋಗೋ ದಾರಿ ಎಲ್ರೂ ನೋಡ್ತಾರ. ಬರೋ ದಾರಿ ಯಾರ್ ನೋಡ್ತಾರ ಹೇಳು?”

ಆಗ ನಾನು ನಾಲ್ಕನೆಯದೋ ಐದನೆಯದೋ ಓದುತ್ತಿದ್ದೆ. ಅರ್ಧ ತಿಳಿಯಿತು. ಇನ್ನರ್ಧ ಆ ವರ್ಷದ ದಸರೆಯಲ್ಲಿ ತಿಳಿಯಿತು.

ಆ ವರ್ಷ ಮನೆಯಲ್ಲಿ ಇನ್ನೊಂದು ಗಲಾಟೆ ನಡೆದಿತ್ತು. ಅನ್ನದಲ್ಲಿ ಕಲ್ಲು. ಅಕ್ಕಿ ಹಸನು ಮಾಡುವುದು ಅಜ್ಜಿಯ ಹಕ್ಕು, ಮೊರಕ್ಕೆ ಬೇರೆಯವರು ಕೈ ಹಾಕುವಂತಿರಲಿಲ್ಲ. ಊಟಕ್ಕೆ ಕೂತರೆ ಮೂರನೆಯ ತುತ್ತಿಗೆ ಕಟಂ ಎಂದು ಹಲ್ಲಿಗೆ ಸಿಗುತ್ತಿತ್ತು.

“ಈ ಗಿರಣಿ ಮಂದಿಗೆ ಏನ್ ರೋಗ ಬಂದೈತಿ? ಅಕ್ಕಿಗಿಂತ ಕಲ್ಲ ಜಾಸ್ತಿ ಹಾಕ್ಯಾರ!” ಅಜ್ಜಿ ಗಿರಣಿಯವರಿಗೆ ಬೈಯುತ್ತಿದ್ದಳು.

“ಗಿರಣಿ ಅದ ಐತಿ, ಅಕ್ಕಿನೂ ಅದ ಐತಿ. ಈ ವರ್ಷ ಯಾಕಬೇ ಹಿಂಗ?” ಎಂದು ಅಪ್ಪ ಕೆನ್ನೆ ಹಿಡಿದುಕೊಂಡು ಕೇಳುತ್ತಿದ್ದ.

“ನನ್ನೇನ್ ಕೇಳ್ತಿ? ಹೋಗಿ ಗಿರಣಿಯವ್ರನ್ನ ಕೇಳು!”

ಅಜ್ಜಿ ಹಿತ್ತಲಿಗೆ ಹೋದ ಮೇಲೆ ಅವ್ವ ಅದೇ ಅಕ್ಕಿಯನ್ನು ಸದ್ದಿಲ್ಲದೆ ಇನ್ನೊಮ್ಮೆ ಹಸನು ಮಾಡುವುದನ್ನು ನಾನು ನೋಡಿದ್ದೆ. ಯಾಕೆ ಎಂದು ಕೇಳಿದ್ದಕ್ಕೆ ತಲೆಗೆ ಮೊಟಕಿದಳು.

ಇಂಥ ಹೊತ್ತಿನಲ್ಲಿ ಹತ್ತಿರದ ಮೆಟ್ರಿ ಎಂಬ ಊರಿನ ದೊಡ್ಡಬಸಪ್ಪನವರ ಟ್ರ್ಯಾಕ್ಟರಿನ ಸೆಲ್ಫ್ ಬಂತು. ದೊಡ್ಡಬಸಪ್ಪನವರು ಅಪ್ಪನ ಹಳೆಯ ಗಿರಾಕಿ, ಒಳ್ಳೆಯ ಮನುಷ್ಯ, ಆದರೆ ಬಾಯಿ ಜೋರು. ಒಳಗಿನ ಕಾಯಿಲು ಸುಟ್ಟಿತ್ತು. ಅವ್ವ ಸುತ್ತಿದಳು, ಅಪ್ಪ ಜೋಡಿಸಿದ, ಬೆಂಚಿನ ಮೇಲೆ ‘ಗಿರ್ರ್’ ಎಂದು ಕಿರುಚಿಕೊಂಡು ತಿರುಗಿತು. ಅಜ್ಜಿ ಬಣ್ಣ ಬಳಿದಳು. ಅವರ ಡ್ರೈವರು ಹನುಮಂತ ಒಯ್ದು ತಾನೇ ಕೂರಿಸಿದ. ನಾಲ್ಕು ದಿನಕ್ಕೆ ವಾಪಸ್ಸು ತಂದ. ಚಾವಿ ತಿರುಗಿಸಿದರೆ ‘ಟಕ್’ ಅನ್ನುತ್ತದೆ, ಅಷ್ಟೇ. ಟ್ರ್ಯಾಕ್ಟರನ್ನು ಕಾಲುವೆಯ ಏರಿಯ ಮೇಲೆ ನಿಲ್ಲಿಸಿ, ಇಳಿಜಾರಿಗೆ ಬಿಟ್ಟು ಸ್ಟಾರ್ಟ್ ಮಾಡುತ್ತಿದ್ದಾರಂತೆ. ಅಪ್ಪ ಬೆಂಚಿನ ಮೇಲಿಟ್ಟು ವೈರು ಕೊಟ್ಟ. ‘ಗಿರ್ರ್’ ಎಂದು ತಿರುಗಿತು! ಆದರೂ ಒಳಗೆ ಸವೆಯುವ ಕಾರ್ಬನ್ ತುಂಡುಗಳನ್ನು ಬದಲಿಸಿದ. ಅಜ್ಜಿ ಮತ್ತೆ ಚೆನ್ನಾಗಿ ಬಣ್ಣ ಬಳಿದಳು. ಒಂದು ವಾರಕ್ಕೆ ಮತ್ತೆ ವಾಪಸ್ಸು. ಈ ಸಲ ಅವ್ವ ಇಡೀ ಕಾಯಿಲು ಬಿಚ್ಚಿ ಹೊಸದಾಗಿ ಸುತ್ತಿದಳು. ಬೆಂಚಿನ ಮೇಲೆ ‘ಗಿರ್ರ್’. ಅಜ್ಜಿ ಈ ಸಲ ಎರಡು ಕೈ ಬಣ್ಣ ಬಳಿದಳು, ಹಬ್ಬಕ್ಕೆ ಹೋಗುವ ಸೆಲ್ಫ್ ಎಂದು.

ಆ ರಾತ್ರಿಯ ಊಟ ನನಗೆ ಚೆನ್ನಾಗಿ ನೆನಪಿದೆ. ಕಲ್ಲಿನ ಅನ್ನ, ಪುಂಡಿಪಲ್ಲೆ. ಅಜ್ಜಿ ಶುರು ಮಾಡಿದಳು.

“ನನ್ನ ಮಗ ಇಷ್ಟ್ ವರ್ಷ ಕೆಲಸ ಮಾಡ್ಯಾನ. ಒಂದ್ ಸೆಲ್ಫ್ ಎರಡ್ ಸಲ ವಾಪಸ್ ಬಂದಿದ್ದಿಲ್ಲ. ಸುತ್ತೋರ ಕೈಗುಣ ಕೆಟ್ರ ಹಿಂಗ ಆಕ್ಕೈತಿ.”

ಅವ್ವ ತಟ್ಟೆಯಿಂದ ತಲೆ ಎತ್ತಿದಳು. “ಗಾಡಿ ಒಮ್ಮಿ ನಾ ನೋಡ್ಬೇಕು.”

“ನೀನಾ? ಹೆಣ್ಮಗಳು ಹೋಗಿ ಟ್ಯಾಕ್ಟ್ರಿ ಬುಡಕ್ಕ ಬಗ್ಗತೀಯೇನ? ಮಂದಿ ಏನಂದಾರು?”

“ಹೊಲದಾಗ ಕಳೆ ತಗಿಯಾಕ ಬಗ್ಗಿದ್ರ ಮಂದಿ ಏನೂ ಅನ್ನಂಗಿಲ್ಲಲ್ರಿ ಅತ್ತಿ?”

ಅಜ್ಜಿಗೆ ಸಿಟ್ಟು ನೆತ್ತಿಗೇರಿತು. “ನೀಲವ್ವಾ, ಕೇಳಿಲ್ಲಿ. ದೊಡ್ಡಬಸಪ್ಪನ ಸೆಲ್ಫ್ ಇನ್ನೊಮ್ಮಿ ನಿಂತ್ರ ನೀ ಸುತ್ತೋದು ಬಂದ್. ಹೊರಗ ಕೊಟ್ಟು ಸುತ್ತಿಸ್ತಾನ ನನ್ನ ಮಗ. ನೀ ರೊಟ್ಟಿ ಬಡಿ, ಸಾಕು.”

ಅಪ್ಪ ಅನ್ನದಲ್ಲಿ ಕಲ್ಲು ಹುಡುಕುತ್ತ ಕೂತ. ಇದನ್ನು ಬರೆಯುವಾಗ ಈಗಲೂ ನನಗೆ ಅಪ್ಪನ ಮೇಲೆ ಸಿಟ್ಟು ಬರುತ್ತದೆ. ಅಡಿಗೆಮನೆಯ ಗೋಡೆ ತುಂಬ ಇದ್ದಿಲಿನಲ್ಲಿ ಬರೆದುಕೊಂಡು ಕಲಿತ ಕೆಲಸ ಅದು. ಅವ್ವ ತನ್ನದು ಎಂದು ಹೇಳಿಕೊಳ್ಳಬಹುದಾಗಿದ್ದ ಒಂದೇ ಒಂದು ಜಾಗ ನಡುಮನೆಯ ಆ ಮೂಲೆ. ಅದನ್ನು ಒಂದು ಊಟದ ಹೊತ್ತಿನಲ್ಲಿ ಕಿತ್ತುಕೊಳ್ಳುತ್ತೇನೆ ಅಂದರೆ ಗಂಡನಾದವನು ಒಂದು ಮಾತಾದರೂ ಆಡಬೇಕಿತ್ತು.

ಆಯುಧ ಪೂಜೆಯ ಬೆಳಿಗ್ಗೆ. ಮುಂದಿನ ಕೋಣೆಯಲ್ಲಿ ಪಾನಾ, ಸುತ್ತಿಗೆ, ಇಕ್ಕಳ, ಅವ್ವ ತಾಮ್ರ ಸುತ್ತುವ ಚಕ್ರ, ಎಲ್ಲವನ್ನೂ ತೊಳೆದು ಸಾಲಾಗಿ ಜೋಡಿಸಿ, ಅಜ್ಜಿ ವಿಭೂತಿ ಕುಂಕುಮ ಹಚ್ಚಿ ಚೆಂಡು ಹೂ ಇಟ್ಟಳು. ಹಾಗೆ ಪೂಜೆಗೆ ಕೂತ ಸಾಮಾನನ್ನು ಮರುದಿನ ಬೆಳಗಿನವರೆಗೆ ಯಾರೂ ಎತ್ತುವಂತಿಲ್ಲ. ದುಡಿದ ಸಾಮಾನಿಗೆ ಅದೊಂದು ದಿನ ರಜೆ. ನಮ್ಮಲ್ಲಿ ಇದು ಭಾರಿ ಕಟ್ಟುನಿಟ್ಟು. ನಾನು ಓಡಿಹೋಗಿ ಅವ್ವನ ಬಲ್ಬನ್ನು ಡಬ್ಬಿಯ ಸಮೇತ ತಂದು ಸಾಲಿನ ಕೊನೆಯಲ್ಲಿ ಇಟ್ಟೆ. ಅಜ್ಜಿ ಕೈಯಿಂದ ಅತ್ತ ಸರಿಸಿದಳು.

“ಏ, ಚಟ್ನಿ ಡಬ್ಬಿ ತಂದು ಪೂಜಾಕ್ಕ ಇಡ್ತಾರೇನ? ಅಡಿಗಿಮನಿ ಸಾಮಾನು ಅದು. ತಗಿ ಅತ್ಲಾಗ!”

ಅವ್ವ ಡಬ್ಬಿಯನ್ನು ಎತ್ತಿಕೊಂಡಳು. ವಾಪಸ್ಸು ಅಡಿಗೆಮನೆಗೆ ಒಯ್ಯಲಿಲ್ಲ, ತನ್ನ ಕೈಚೀಲದೊಳಗೆ ಹಾಕಿಕೊಂಡಳು. ಅದನ್ನು ನಾನೊಬ್ಬಳೇ ನೋಡಿದೆ.

ಪ್ರತಿ ವರ್ಷ ದೊಡ್ಡಬಸಪ್ಪನವರು ಟ್ರ್ಯಾಕ್ಟರ್ ಪೂಜೆಗೆ ನಮ್ಮ ಮನೆಯವರನ್ನೆಲ್ಲ ಮೆಟ್ರಿಗೆ ಕರೆಸುತ್ತಿದ್ದರು. ಹನುಮಂತ ಆ ಬೆಳಿಗ್ಗೆ ಸೆಲ್ಫ್ ಕೂರಿಸಿ, ಎರಡು ಸಲ ಎಬ್ಬಿಸಿಯೂ ನೋಡಿದ್ದನಂತೆ, ಆಗ ಎದ್ದಿತ್ತಂತೆ. ಪೂಜೆ ಮುಗಿದ ಮೇಲೆ ಡ್ರೈವರ್ ಸೀಟಿನ ಮೇಲೆ ಕೂತು ಚಾವಿ ತಿರುಗಿಸಿ, ಚಕ್ರದಡಿಯ ನಿಂಬೆಹಣ್ಣಿನ ಮೇಲೆ ಟ್ರ್ಯಾಕ್ಟರ್ ಹರಿಸುವುದು ಅಪ್ಪನ ಮರ್ಯಾದೆ. ಅಂಗಳದ ತುಂಬ ಜನ. ಟ್ರ್ಯಾಕ್ಟರಿಗೆ ಬಾಳೆಕಂದು, ಮಾವಿನೆಲೆ, ಮೂತಿಗೆ ಮೂರು ಪಟ್ಟೆ ವಿಭೂತಿ. ಪಕ್ಕದಲ್ಲಿ ಅವರ ಪಾನಾ, ಜಾಕು, ಕುಡಗೋಲು, ನೇಗಿಲ ಗುಳ, ಎಲ್ಲ ಹೂವಿನಡಿ. ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಹತ್ತಿ ಕೂತ. ಕಾಯಿ ಒಡೆದರು. ಅಪ್ಪ ಚಾವಿ ತಿರುಗಿಸಿದ.

ಟಕ್.

ಇನ್ನೊಮ್ಮೆ. ಟಕ್.

ನಿಂಬೆಹಣ್ಣು ಇಟ್ಟಲ್ಲೇ ಹಳದಿಯಾಗಿ ಕೂತಿತ್ತು. ಹಿಂದಿನಿಂದ ಯಾರೋ ಕಿಸಕ್ಕೆಂದರು. ದೊಡ್ಡಬಸಪ್ಪನವರ ಮುಖ ಕೆಂಪಾಯಿತು.

“ಮೇಸ್ತ್ರಿ, ಇದು ಮೂರನೇ ಸಲ! ಪೂಜಾದ ದಿನ ನಿಂಬಿಹಣ್ಣು ಹಂಗ ಉಳೀತಂದ್ರ ನಾ ವರ್ಷಪೂರ್ತಿ ಏನ್ ದುಡೀಲಿ?”

ಅಪ್ಪ ಸೀಟಿನ ಮೇಲೆ ಕಲ್ಲಾಗಿ ಕೂತಿದ್ದ. ಅಜ್ಜಿ ಅಷ್ಟು ಜನರ ಮುಂದೆ ಅವ್ವನ ಕಡೆ ತಿರುಗಿದಳು.

“ನಾ ಹೇಳಿದ್ದಿಲ್ಲೇನ? ನಾಳಿಂದ ತಾಮ್ರಕ್ಕ ಕೈ ಹಚ್ಚಬ್ಯಾಡ ನೀನು.”

ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಚೀಲದಿಂದ ಚಟ್ನಿಪುಡಿ ಡಬ್ಬಿ ತೆಗೆದು, ಜನರನ್ನು ಸರಿಸಿಕೊಂಡು ಟ್ರ್ಯಾಕ್ಟರಿನ ಹತ್ತಿರ ಹೋದಳು.

“ಹನುಮಂತಾ, ಮುಂದಿನ ಲೈಟ್ ಹಾಕು. ದೀಪಕ್ಕ ಕೈ ಅಡ್ಡ ಹಿಡಿ, ಬಿಸಿಲು ಬೀಳಬಾರ್ದು. ರೀ, ನೀವ್ ಚಾವಿ ತಿರುವ್ರಿ.”

ಅಪ್ಪ ತಿರುಗಿಸಿದ. ಟಕ್. ದೀಪ ಹಾಗೆಯೇ ಉರಿಯುತ್ತಿತ್ತು, ಒಂದಿಷ್ಟೂ ಮಂಕಾಗಲಿಲ್ಲ.

“ಬ್ಯಾಟ್ರಿ ಸತ್ತಿದ್ರ ಲೈಟ್ ಮುಳುಗ್ತಿತ್ತು,” ಅವ್ವ ಅಂದಳು. “ಸೆಲ್ಫ್ ಒಳಗ ಜಾಮ್ ಆಗಿದ್ರೂ ಮುಳುಗ್ತಿತ್ತು. ಲೈಟ್ ಅಲ್ಲಾಡವಲ್ದು ಅಂದ್ರ ಕರೆಂಟ ಹರೀವಲ್ದು. ಎಲ್ಲೋ ದಾರಿ ಕಟ್ಟೈತಿ.”

ಅವ್ವ ಬಲ್ಬಿನ ಒಂದು ವೈರನ್ನು ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದನ್ನು ಸೆಲ್ಫಿನ ದಪ್ಪ ಬೋಲ್ಟಿಗೆ ಹಿಡಿದಳು. ಅಪ್ಪ ಚಾವಿ ತಿರುಗಿಸಿದ. ಬಲ್ಬು ಹತ್ತಲಿಲ್ಲ. ಅಂದರೆ ಹೋಗುವ ವೈರು ಸರಿಯಿದೆ. ಕರೆಂಟಿಗೆ ಸಲೀಸಾದ ದಾರಿ ಇದ್ದರೆ ಅದು ಬಲ್ಬಿನೊಳಗೆ ಸುತ್ತುಹಾಕಿ ಯಾಕೆ ಹೋದೀತು? ಆಮೇಲೆ ಒಂದು ವೈರು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಇಂಜಿನ್ನಿನ ಕಬ್ಬಿಣಕ್ಕೆ. ಹತ್ತಲಿಲ್ಲ. ಅದೂ ಸರಿ. ಮೂರನೆಯದು, ಮೈನಸ್ಸಿನಿಂದ ಸೆಲ್ಫಿನ ಬೆಳ್ಳಿ ಮೈಗೆ. ಟಕ್ ಅಂದಿತು. ಬಲ್ಬು ಹತ್ತಲಿಲ್ಲ.

“ಎಲ್ಲಾ ಸರಿ ಐತಿ ಅಂತೈತಿ ನಿನ್ನ ಬಲ್ಬು!” ದೊಡ್ಡಬಸಪ್ಪನವರು ಅಂದರು. “ಹಂಗಾದ್ರ ಗಾಡಿ ಯಾಕ ಏಳವಲ್ದವ್ವಾ?”

ಇಲ್ಲಿಗೆ ಯಾರಾದರೂ ಬಿಟ್ಟು ಎದ್ದು ಬರುತ್ತಿದ್ದರು. ಅವ್ವ ಏಳಲಿಲ್ಲ. ಬಗ್ಗಿದ್ದವಳು ಹಾಗೇ ಬಗ್ಗಿಕೊಂಡು, ವೈರಿನ ತುದಿ ಹಿಡಿದಿದ್ದ ಜಾಗವನ್ನು ಹೆಬ್ಬೆರಳ ಉಗುರಿನಿಂದ ಗೀಚಿದಳು. ಉಗುರಿನೊಳಗೆ ಬೆಳ್ಳಿ ಸೇರಿಕೊಂಡಿತು. ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಚ್ಚಿ ಅದೇ ಜಾಗವನ್ನು ಕರಕರ ಕೆರೆದಳು. ಬಣ್ಣದ ಚಕ್ಕೆಗಳು ಉದುರಿದವು. ಒಂದಲ್ಲ, ಎರಡಲ್ಲ, ಎಷ್ಟೋ ಪದರ. ಕೊನೆಗೆ ಕೆಳಗಿನ ಬರಿ ಕಬ್ಬಿಣ ಕಂಡಿತು. ವೈರನ್ನು ಅಲ್ಲಿ ಒತ್ತಿ ಹಿಡಿದು ಅಂದಳು:

“ಈಗ ತಿರುವ್ರಿ.”

ಬಲ್ಬು ಝಗ್ಗೆಂದು ಹತ್ತಿತು. ಜನ ಓ ಅಂದರು. ಯಾಕೆ ಓ ಅಂದೆವು ಎಂದು ಯಾರಿಗೂ ಗೊತ್ತಿರಲಿಲ್ಲ.

“ಇದು ಹತ್ತಬಾರ್ದಿತ್ತು,” ಅವ್ವ ಅಂದಳು. “ಸೆಲ್ಫಿನ ಮೈ, ಇಂಜಿನ್ನಿನ ಮೈ ಒಂದಕ್ಕೊಂದು ಹತ್ತಿ ಕುಂತಿದ್ರ ಹತ್ತತಿದ್ದಿಲ್ಲ. ಎರಡರ ನಡುವ ಏನೋ ಐತಿ. ಕರೆಂಟು ಹೋಗೈತಿ, ವಾಪಸ್ ಬರಾಕ ದಾರಿ ಇಲ್ಲ.”

ಅಪ್ಪನಿಗೆ ಆಗ ಹೊಳೆಯಿತು. ಬೆಂಚಿನ ಮೇಲೆ ಅವನು ಅರ್ತ್ ವೈರನ್ನು ಸೆಲ್ಫಿನ ಹಿಂಬದಿಯ ಬೋಲ್ಟಿಗೆ ನೇರವಾಗಿ ಸಿಕ್ಕಿಸುತ್ತಿದ್ದ, ಅದಕ್ಕೇ ಅಲ್ಲಿ ಕಿರುಚಿಕೊಂಡು ತಿರುಗುತ್ತಿತ್ತು. ಟ್ರ್ಯಾಕ್ಟರಿನಲ್ಲಿ ಹಾಗಲ್ಲ. ಸೆಲ್ಫಿನ ಮುಂಭಾಗದ ದುಂಡನೆಯ ಮುಖ ಇಂಜಿನ್ನಿಗೆ ಅಂಟಿ ಕೂರುತ್ತದೆ, ಕರೆಂಟು ಅಲ್ಲಿಂದಲೇ ವಾಪಸ್ಸು ಹೋಗಬೇಕು. ಆ ಮುಖಕ್ಕೆ ಬಣ್ಣ ತಾಕಬಾರದು, ತಾಕಿದರೆ ಕರೆಂಟು ಹಾಯುವುದಿಲ್ಲ. ಹನುಮಂತ ಬಿಗಿದಾಗ ಬೋಲ್ಟಿನ ಅಂಚಿನಲ್ಲಿ ಒಂದಿಷ್ಟು ಬಣ್ಣ ಕಿತ್ತು ಒಂದೆರಡು ಸಲ ಎದ್ದಿದೆ, ಆಮೇಲೆ ಅಷ್ಟು ಸಣ್ಣ ಜಾಗ ಸುಟ್ಟು ಮುಚ್ಚಿಕೊಂಡಿದೆ. ಅಪ್ಪ ಕೆಳಗಿಳಿದು ಪಾನಾ ಎತ್ತಲು ಕೈ ಚಾಚಿದ.

“ಮೇಸ್ತ್ರಿ, ಮುಟ್ಟಬ್ಯಾಡ್ರಿ! ಪೂಜಾಕ್ಕ ಕುಂತಾವು. ನಾಳಿತನಕ ಎತ್ತಂಗಿಲ್ಲ.” ದೊಡ್ಡಬಸಪ್ಪನವರು ಕೂಗಿದರು.

ಅಪ್ಪ ಕೈ ಹಿಂದಕ್ಕೆ ಎಳೆದುಕೊಂಡ. ಅವ್ವ ದೊಡ್ಡಬಸಪ್ಪನವರ ಹೆಂಡತಿಯ ಕಡೆ ನೋಡಿದಳು.

“ಅಕ್ಕಾರ, ನಿಮ್ಮ ಅಡಿಗಿಮನ್ಯಾಗಿನ ಇಕ್ಕಳ ಪೂಜಾಕ್ಕ ಕುಂತೈತೇನ್ರಿ?”

“ಅದೆಲ್ಲಿ ಕುಂದರ್ತೈತಿ ತಂಗಿ? ಹೋಳಿಗಿ ಮಾಡಾಕತ್ತೀನಿ, ನನ್ನ ಜೋಡಿ ನಿಂತೈತಿ ಅದೂ.”

ಕಬ್ಬಿಣದ ಉದ್ದ ಇಕ್ಕಳ ಬಂತು, ತುದಿಯಲ್ಲಿ ಇನ್ನೂ ಹೋಳಿಗೆಯ ಎಣ್ಣೆ. ಅವ್ವ ಅದನ್ನು ಒರೆಸಿ, ಗೋಣಿಯ ತುಂಡು ಸುತ್ತಿ ಹಿಡಿದು, ಒಂದು ತುದಿಯನ್ನು ಸೆಲ್ಫಿನ ಮೇಲೆ ಕೆರೆದ ಜಾಗಕ್ಕೆ, ಇನ್ನೊಂದು ತುದಿಯನ್ನು ಇಂಜಿನ್ನಿನ ಬರಿ ಕಬ್ಬಿಣಕ್ಕೆ ಆನಿಸಿ ಮೈಭಾರ ಬಿಟ್ಟು ಒತ್ತಿದಳು. ಅಪ್ಪ ಮತ್ತೆ ಹತ್ತಿ ಕೂತು, ಗೇರು ನ್ಯೂಟ್ರಲ್ಲಿನಲ್ಲಿದೆಯೇ ಎಂದು ಎರಡು ಸಲ ಅಲ್ಲಾಡಿಸಿ ನೋಡಿ ಚಾವಿ ತಿರುಗಿಸಿದ. ಇಕ್ಕಳದ ತುದಿಯಲ್ಲಿ ಚಿಟಚಿಟ ಕಿಡಿ ಹಾರಿತು. ಗೊರ್, ಗೊರ್, ಗೊರ್, ಮತ್ತೆ ಢಗ್ ಎಂದು ಕರಿ ಹೊಗೆ ಉಗುಳಿ ಇಂಜಿನ್ ಎದ್ದಿತು. ಆ ಢಗಢಗ ಸದ್ದಿಗೆ ಬಾಳೆಕಂದುಗಳೆಲ್ಲ ನಡುಗಿದವು. ಅವ್ವ ಈಚೆ ಬಂದ ಮೇಲೆ ಅಪ್ಪ ಟ್ರ್ಯಾಕ್ಟರ್ ಮುಂದಕ್ಕೆ ಬಿಟ್ಟ. ನಿಂಬೆಹಣ್ಣು ಪಚಕ್ಕೆಂದಿತು. ನನ್ನ ಎದೆ ಎಷ್ಟು ಉಬ್ಬಿತ್ತೆಂದರೆ ಲಂಗದ ರವಿಕೆಯ ಗುಂಡಿ ಕಿತ್ತಿತು. ಉತ್ಪ್ರೇಕ್ಷೆ ಅಲ್ಲ, ನಿಜವಾಗಿ ಕಿತ್ತಿತು. ಅವ್ವ ಅದಕ್ಕೆ ಅದೇ ಪಿನ್ನು ಹಾಕಿದಳು.

ದೊಡ್ಡಬಸಪ್ಪನವರು ನಗುತ್ತ ಬಂದರು. “ನೀಲವ್ವಾ, ಅಲ್ಲಬೇ, ಏನಿತ್ತು ಅದರಾಗ?”

ಅವ್ವ ಸೆರಗಿನಿಂದ ಕೈ ಒರೆಸಿಕೊಂಡಳು. ಉಗುರೊಳಗಿನ ಬೆಳ್ಳಿ ಹೋಗಲಿಲ್ಲ. ಒಂದು ಕ್ಷಣ ಅಜ್ಜಿಯ ಕಡೆ ನೋಡಿ ಅಂದಳು:

“ಏನಿಲ್ರಿ ಅಣ್ಣಾರ. ಬೋಲ್ಟು ಸಡ್ಲಿದ್ವು. ನಾಳಿ ಬಿಗದ್ರ ಸರಿ ಹೊಕ್ಕೈತಿ.”

ಸುಳ್ಳು. ಶುದ್ಧ ಸುಳ್ಳು. ಅವಳ ಕೈಗುಣಕ್ಕೆ ಬೈದವಳು ಎದುರಿಗೇ ನಿಂತಿದ್ದಾಳೆ, ಊರ ಜನರೆಲ್ಲ ಕೇಳುತ್ತಿದ್ದಾರೆ, ಒಂದೇ ಒಂದು ಮಾತು ಸಾಕಿತ್ತು. ನನಗೆ ಕೂಗಬೇಕೆನಿಸಿತು. ಅಷ್ಟರಲ್ಲಿ ಅಜ್ಜಿ ಮುಂದೆ ಬಂದಳು. ನೆಲಕ್ಕೆ ಉದುರಿದ್ದ ಒಂದು ಚಕ್ಕೆ ಅವಳ ಬೆರಳುಗಳ ನಡುವೆ ಇತ್ತು. ಕೆರೆಯುವ ಸದ್ದು ಕೇಳಿದಾಗಲೇ ಆರಿಸಿಕೊಂಡಿದ್ದಳೋ ಏನೋ. ಅದನ್ನು ಉಜ್ಜಿ ನೋಡುತ್ತಿದ್ದಳು, ಮೂಗಿನ ಹತ್ತಿರ ಹಿಡಿಯುತ್ತಿದ್ದಳು, ಕಣ್ಣಿನ ಹತ್ತಿರ ಒಯ್ಯುತ್ತಿರಲಿಲ್ಲ.

“ಬೋಲ್ಟಲ್ಲ ಬಸಪ್ಪಾ,” ಅಜ್ಜಿ ಅಂದಳು, ಎಲ್ಲರಿಗೂ ಕೇಳುವ ಹಾಗೆ. “ಬಣ್ಣ. ನಾ ಬಳದಿದ್ದು. ಮುಖಕ್ಕ ಬಳೀಬಾರ್ದು ಅಂತ ನನಗ ಗೊತ್ತೈತಿ. ಇಷ್ಟ್ ವರ್ಷ ಬಳದೂ ಇಲ್ಲ. ಈಗ ಮುಖ ಯಾವ್ದು, ಮೈ ಯಾವ್ದು ನನಗ ಕಾಣವಲ್ದು. ಕಣ್ಣಿಗೆ ಮಂಜು ಕವದಂಗ ಆಗೈತಿ.”

ಅಜ್ಜಿ ಅಪ್ಪನ ಕಡೆ ತಿರುಗಿದಳು.

“ಅನ್ನದಾಗ ಕಲ್ಲು ಬರ್ತಾವಲ್ಲ, ಅದೂ ನಂದ ಕೆಲಸ. ಗಿರಣಿ ಮಂದೀದು ಏನೂ ತಪ್ಪಿಲ್ಲ. ಇಕಿಗೆ ಗೊತ್ತಿತ್ತು. ನಾ ಅತ್ಲಾಗ ಹೋದ್ ಕೂಡ್ಲೆ ಮತ್ತ ಹಸನ ಮಾಡ್ತಿದ್ಲು. ಮೊರದ ಸದ್ದು ನನಗ ಕೇಳ್ತಿದ್ದಿಲ್ಲ ಅಂತ ಮಾಡ್ಯಾಳ.”

ನನ್ನ ಬದುಕಿನಲ್ಲಿ ದೊಡ್ಡ ದೊಡ್ಡವರು ಮೈಕಿನ ಮುಂದೆ ನಿಂತು ತಪ್ಪು ಒಪ್ಪಿಕೊಂಡದ್ದನ್ನು ನೋಡಿದ್ದೇನೆ. ಒಬ್ಬರೂ ಅಜ್ಜಿಯ ಹಾಗೆ ಒಪ್ಪಿಕೊಂಡಿಲ್ಲ. ‘ಆದರೆ’ ಇಲ್ಲ, ‘ಏನಾಯಿತೆಂದರೆ’ ಇಲ್ಲ. ಅವ್ವನ ಬಲ್ಬಿನ ಬಗ್ಗೆ ನನಗೆಷ್ಟು ಹೆಮ್ಮೆಯೋ ಅಜ್ಜಿಯ ಆ ನಾಲ್ಕು ಮಾತಿನ ಬಗ್ಗೆಯೂ ಅಷ್ಟೇ ಹೆಮ್ಮೆ. ವಾಪಸ್ಸು ಬರುವಾಗ ಟ್ರೈಲರಿನಲ್ಲಿ ಅತ್ತೆ ಸೊಸೆ ಪಕ್ಕಪಕ್ಕ ಕೂತಿದ್ದರು. ಏನಾದರೂ ಮಾತಾಡುತ್ತಾರೆ ಎಂದು ಕಾದೆ. ಬುತ್ತಿಗೆ ಕಟ್ಟಿಕೊಟ್ಟ ಹೋಳಿಗೆ ಒಣಗಿದೆಯೋ ಇಲ್ಲವೋ ಎಂದು ಜಗಳವಾಡಿದರು. ಕಂಪ್ಲಿಯವರೆಗೂ.

ಮರುದಿನ ಅಪ್ಪ ಹೋಗಿ ಸೆಲ್ಫ್ ಇಳಿಸಿ, ಮುಖದ ಬಣ್ಣವನ್ನೆಲ್ಲ ಉಜ್ಜಿ ತೆಗೆದು ಮತ್ತೆ ಕೂರಿಸಿದ. ಅದು ಮುಂದೆ ವಾಪಸ್ಸು ಬರಲಿಲ್ಲ. ಅವತ್ತಿನಿಂದ ನಮ್ಮ ಮನೆಯಲ್ಲಿ ಒಂದು ಕಾನೂನಾಯಿತು. ಯಾವ ಗಾಡಿಯವರು ಬಂದರೂ ಮೊದಲು ಅವ್ವನ ಬಲ್ಬು ಹೋಗಿ ನೋಡಬೇಕು, ಆಮೇಲೆ ಅಪ್ಪ ಸೆಲ್ಫ್ ಇಳಿಸಬೇಕು. ಎಷ್ಟೋ ಸೆಲ್ಫುಗಳನ್ನು ಇಳಿಸುವ ಪ್ರಮೇಯವೇ ಬರಲಿಲ್ಲ. ಅಜ್ಜಿಯನ್ನು ಹೊಸಪೇಟೆಗೆ ಕರೆದುಕೊಂಡು ಹೋಗಿ ಕಣ್ಣಿನ ಪೊರೆ ತೆಗೆಸಿದರು. ಕರಿ ಕನ್ನಡಕ ಹಾಕಿಕೊಂಡು ಬಂದವಳು ನೆಟ್ಟಗೆ ಹಿತ್ತಲಿಗೆ ಹೋಗಿ, ತಾನು ಮುಂಚೆ ಬಳಿದು ಒಣಗಿಸಿಟ್ಟಿದ್ದ ಒಂದು ಸೆಲ್ಫನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು.

“ಥೂ! ಇಷ್ಟ್ ಹೊಲಸ ಬಳದೀನಿ. ಒಬ್ರಾದ್ರೂ ಹೇಳಬಾರ್ದೇನ್ರೇ?”

“ಹೇಳಿದ್ರ ಕೇಳ್ತಿದ್ರೇನ್ರಿ?” ಅಡಿಗೆಮನೆಯಿಂದ ಅವ್ವ.

“ಕೇಳತಿದ್ದಿಲ್ಲ,” ಅಜ್ಜಿ ಅಂದಳು. “ಆದ್ರೂ ಹೇಳಬೇಕಿತ್ತು.”

ಮುಂದಿನ ವರ್ಷದ ಆಯುಧ ಪೂಜೆ. ಪಾನಾಗಳ ಸಾಲು, ಸುತ್ತುವ ಚಕ್ರ, ಚೆಂಡು ಹೂ. ಅಜ್ಜಿ ವಿಭೂತಿ ಹಚ್ಚುತ್ತ ಬಂದವಳು ಎದ್ದು ಅಡಿಗೆಮನೆಗೆ ಹೋದಳು. ಚಟ್ನಿಪುಡಿ ಡಬ್ಬಿ ತಂದಳು. ಬಲ್ಬನ್ನು ಹೊರತೆಗೆದು, ವೈರುಗಳನ್ನು ಜಡೆಯ ಹಾಗೆ ನೀಟಾಗಿ ಸುತ್ತಿ, ಸಾಲಿನ ತುದಿಯಲ್ಲಲ್ಲ, ನಟ್ಟನಡುವೆ ಇಟ್ಟಳು. ಗಾಜಿನ ಮೇಲೆ ಕುಂಕುಮ ನಿಲ್ಲದೆ ಜಾರಿತು. ಒದ್ದೆ ಬೆರಳಿನಿಂದ ಮತ್ತೊಮ್ಮೆ ಇಟ್ಟಳು. ಅವ್ವ ಬಾಗಿಲಲ್ಲಿ ಸೌಟು ಹಿಡಿದು ನಿಂತು ನೋಡುತ್ತಿದ್ದಳು.

“ಅತ್ತಿ, ಅದಕ್ಕ ಕುಂಕುಮ ಹಚ್ಚಿದ್ರ ನಾಳಿತನಕ ಎತ್ತಂಗಿಲ್ಲ. ಇವತ್ತು ಯಾರಾದ್ರೂ ಗಾಡಿ ನಿಂತೈತಿ ಅಂತ ಬಂದ್ರ ನಾ ಏನ್ ಮಾಡ್ಲಿ?”

ಅಜ್ಜಿ ತಲೆ ಎತ್ತಲಿಲ್ಲ. ಬಲ್ಬಿನ ಮೇಲೆ ಒಂದು ಹೂ ನಿಲ್ಲಿಸುವ ಪ್ರಯತ್ನದಲ್ಲಿದ್ದಳು.

“ನಾಳಿ ಬಾ ಅನ್ನು. ದುಡಿಯೋರಿಗೆ ಒಂದಿನ ರಜಾ ಬ್ಯಾಡೇನ?”

ನನ್ನ ಬ್ಯಾಗಿನಲ್ಲಿರುವುದು ಅದೇ ಬಲ್ಬಲ್ಲ. ಅದು ಎಂದೋ ಸುಟ್ಟಿತು. ವೈರುಗಳು ಮಾತ್ರ ಅವೇ, ಅವ್ವ ಬೆಸೆದದ್ದು. ಈಗ ನಿಮ್ಮ ಸರದಿ. ನಿಮ್ಮ ಗಾಡಿ ‘ಟಕ್’ ಎಂದು ನಿಂತ ಕತೆ ಇದ್ದರೆ ಕೆಳಗೆ ಬರೆಯಿರಿ, ಯಾರು ಏನೇನು ಸಲಹೆ ಕೊಟ್ಟರು, ಕೊನೆಗೆ ಏನಾಗಿತ್ತು ಎಂದೂ ಬರೆಯಿರಿ. ಅದಕ್ಕಿಂತ ಹೆಚ್ಚಾಗಿ ಇನ್ನೊಂದು ಕೇಳಬೇಕಿದೆ. ನಿಮ್ಮ ಮನೆಯಲ್ಲಿ ವರ್ಷವಿಡೀ ದುಡಿದರೂ ಪೂಜೆಯ ಸಾಲಿಗೆ ಬಾರದೆ ಒಲೆಯ ಪಕ್ಕದಲ್ಲೇ ಉಳಿದುಹೋದ ಆ ಒಂದು ಸಾಮಾನು ಯಾವುದು? ಅದು ಯಾರ ಕೈಯದು? ಅವರ ಹೆಸರು ಹಾಕಿ ಬರೆಯಿರಿ. ಒಂದೂ ಬಿಡದೆ ಓದುತ್ತೇನೆ.